ಹತ್ತು ವರ್ಷದ ಬೆಂಚು

ರೂಬೆನ್ ನನ್ನ ಗಂಡನ ಬೆಂಚಿಗೆ ಎಣ್ಣೆ ಹಚ್ಚುತ್ತಿದ್ದ. ನಾನು ಬಂದದ್ದು ಗೊತ್ತಾದರೂ ತಲೆ ಎತ್ತಲಿಲ್ಲ, ಕಿವಿ ಮಾತ್ರ ಕೆಂಪಾಯಿತು. ನಲವತ್ತೈದು ವರ್ಷದ ಗಂಡಸಿನ ಕಿವಿ ಹಾಗೆ ಕೆಂಪಾಗುವುದನ್ನು ನೋಡುವುದಕ್ಕೆಂದೇ ನಾನು ಶನಿವಾರ ಬೇಗ ಏಳುತ್ತೇನೆ. ಸುಳ್ಳು ಯಾಕೆ ಹೇಳಲಿ?

"ಇವತ್ತು ಕೂರೋ ಹಾಗಿಲ್ಲ," ಅಂದ. "ಎಣ್ಣೆ ಹಸಿ ಇದೆ."

"ಹೋದ ತಿಂಗಳೂ ಹಚ್ಚಿದ್ರಿ."

"ಹೂಂ."

"ಪಾರ್ಕಲ್ಲಿರೋ ಬೇರೆ ಬೆಂಚುಗಳು ಏನ್ರೀ ಪಾಪ ಮಾಡಿವೆ?"

"ಅಲ್ಲಿಗೆ ನೀವು ಬರಲ್ವಲ್ಲ," ಅಂದು ಬ್ರಷ್ಷನ್ನು ಮತ್ತೆ ಡಬ್ಬಿಗೆ ಅದ್ದಿದ.

ನಮ್ಮ ಆಲ್ಡರ್ ಫಾಲ್ಸ್ ಮಿನೆಸೋಟಾದ ಒಂದು ಪುಟ್ಟ ಊರು. ಇಲ್ಲಿ ಯಾರಾದರೂ ಅಕಾಲದಲ್ಲಿ ಹೋದರೆ ಜನ ಸೇರಿ ನದಿ ದಂಡೆಯ ದಾರಿಯಲ್ಲಿ ಅವರ ಹೆಸರಿನ ಬೆಂಚು ಹಾಕಿಸುತ್ತಾರೆ. ನನ್ನ ಗಂಡ ಆರ್ಲೋ ಹೋದಾಗ ನನಗೆ ಮೂವತ್ತೊಂದು. ಫೈರ್ ಸ್ಟೇಷನ್‌ನವರು ಊರಿಗೆಲ್ಲ ಪ್ಯಾನ್‌ಕೇಕ್ ಬಡಿಸಿ, ಬಂದ ದುಡ್ಡಿನಲ್ಲಿ ಬೆಂಚಿನ ವ್ಯವಸ್ಥೆ ಮಾಡಿದರು. ಹಿತ್ತಾಳೆ ಫಲಕದ ಮೇಲೆ ಏನು ಕೆತ್ತಿಸಲಿ ಅಂತ ನನ್ನನ್ನು ಕೇಳಿದರು. ಅತ್ತು ಅತ್ತು ಕಣ್ಣೇ ಕಾಣದಿದ್ದ ಹೊತ್ತಿನಲ್ಲಿ ಬರೆದುಕೊಟ್ಟೆ: 'ಆರ್ಲೋ ಮತ್ತು ಅವನ ಸಿಗ್ನೆ. ಎಂದೆಂದಿಗೂ ಇಲ್ಲೇ.'

ಇಲ್ಲೇ ಅಂತೆ. ಆರ್ಲೋ ಬದುಕಿದ್ದಾಗ ಈ ದಾರಿಯಲ್ಲಿ ಒಂದು ದಿನ ಕಾಲಿಟ್ಟವನಲ್ಲ. ನಡೆಯೋದು ಅಂದರೆ ಕಾರು ಕೆಟ್ಟಾಗ ಮಾಡೋ ಕೆಲಸ ಅನ್ನುತ್ತಿದ್ದ, ಪುಣ್ಯಾತ್ಮ.

ಆ ಎರಡು ಸಾಲನ್ನು ಹಿಡಿದು ಊರು ನನ್ನನ್ನು ಅಲ್ಲೇ ಕೂರಿಸಿಬಿಟ್ಟಿತು. ಸೈಕಲ್ಲಿನವರು ನನ್ನ ಹತ್ತಿರ ಬಂದಾಗ ಗಂಟೆ ಬಾರಿಸುವುದಿಲ್ಲ. ಓಡುವವರು ನಿಧಾನವಾಗುತ್ತಾರೆ. ಹಲ್ಲಿನ ಡಾಕ್ಟರು ನನ್ನ ಬಾಯಿಗೆ ಕೈ ಹಾಕಿಕೊಂಡೇ "ಶನಿವಾರ ಬೆಂಚಿಗೆ ಹೋಗಿದ್ಯಾ ತಾಯಿ?" ಅಂತ ಕೇಳುತ್ತಾರೆ. ಒಂದು ಶನಿವಾರ ತಪ್ಪಿಸಿದರೆ, ಪಾಪ ದುಃಖ ಜಾಸ್ತಿಯಾಗಿದೆ ಅಂತ ಸಂಜೆಯೊಳಗೆ ಮೂರು ಮನೆಯಿಂದ ಓವನ್ನಿನಲ್ಲಿ ಬೇಯಿಸಿದ ಆಲೂಗಡ್ಡೆ ಹಾಟ್‌ಡಿಶ್ ಬಂದು ಬೀಳುತ್ತದೆ. ಅತ್ತೆ ವರ್ನಾ ಅಂತೂ ಎಪ್ಪತ್ತನಾಲ್ಕರಲ್ಲೂ ಒಂಬತ್ತು ಗಂಟೆಗೆ ಸರಿಯಾಗಿ ಫ್ಲಾಸ್ಕಿನಲ್ಲಿ ಕಾಫಿ ತಂದು ನನ್ನ ಪಕ್ಕ ಕೂರುತ್ತಾರೆ. ಅವರನ್ನು ಅಲ್ಲಿ ಬಿಟ್ಟು ನಾನು ಹೇಗೆ ಮುಂದೆ ಹೋಗಲಿ? ಬೆಂಚಿನಿಂದಾಚೆ ಎರಡು ಮೈಲಿ ಹೋದರೆ ತೂಗುಸೇತುವೆ. ಹತ್ತು ವರ್ಷದಲ್ಲಿ ಒಮ್ಮೆಯೂ ನಾನದನ್ನು ನೋಡಿಲ್ಲ. ಪ್ರೀತಿಯಿಂದಲೇ ಕಟ್ಟಿಹಾಕಿದವರ ಮೇಲೆ ಸಿಟ್ಟು ಮಾಡಿಕೊಳ್ಳುವುದಾದರೂ ಹೇಗೆ?

ಮೂರು ವರ್ಷದ ಹಿಂದೆ ಪಾರ್ಕಿನ ಕೆಲಸಕ್ಕೆ ಬಂದ ರೂಬೆನ್ ಒಬ್ಬನೇ ನನ್ನನ್ನು ಕಂಡರೆ ದನಿ ತಗ್ಗಿಸುವುದಿಲ್ಲ. ಸೇತುವೆ ಹತ್ತಿರ ನೀರುನಾಯಿ ಮರಿ ಹಾಕಿದೆ, ಮೇಪಲ್ ಕೆಂಪಾಗಿದೆ, ಬನ್ನಿ ಅಂತ ಕರೆಯುತ್ತಾನೆ. ನಾನು "ಮುಂದಿನ ವಾರ" ಅನ್ನುತ್ತೇನೆ. ಹಾಗೆಯೇ ಮೂರು ಸಲ ಮೇಪಲ್ ಉದುರಿತು.

ಇವತ್ತು ಅವನು ಕೈ ಒರೆಸಿಕೊಂಡು ಜೇಬಿನಿಂದ ಒಂದು ಮುದುರಿದ ಕಾಗದ ತೆಗೆದ. "ಇದನ್ನ ಏಪ್ರಿಲ್ಲಲ್ಲೇ ಕೊಡಬೇಕಿತ್ತು ನಿಮಗೆ."

ಕಾಗದದಲ್ಲಿದ್ದದ್ದು ಇಷ್ಟು: ಬೆಂಚಿನ ಹತ್ತು ವರ್ಷದ ಅವಧಿ ಮುಗಿಯಿತು. ಮನೆಯವರು ಸಹಿ ಹಾಕಿದರೆ ಅದೇ ಫಲಕದೊಂದಿಗೆ ಇನ್ನೂ ಹತ್ತು ವರ್ಷ. ಹಾಕದಿದ್ದರೆ ಸೋಮವಾರ ಬೆಂಚು ಕೀಳುತ್ತಾರೆ.

"ಆರು ತಿಂಗಳು ಟ್ರಕ್ಕಲ್ಲೇ ಇಟ್ಕೊಂಡಿದ್ರಾ?"

"ಕೊಟ್ರೆ ನೀವು ಸೈನ್ ಹಾಕ್ತೀರಿ. ಆಮೇಲೆ ಇನ್ನೂ ಹತ್ತು ವರ್ಷ 'ಅವನ ಸಿಗ್ನೆ' ಅನ್ನೋದನ್ನ ನಾನೇ ಉಜ್ಜಿ ಹೊಳೆಸ್ಬೇಕು." ಈಗ ಅವನು ನೇರ ನನ್ನ ಕಣ್ಣು ನೋಡಿದ. "ನನ್ನ ಕೈಲಾಗಲ್ಲ. ನೀವಂದ್ರೆ ನಂಗೆ ತುಂಬಾ ಇಷ್ಟ, ಸಿಗ್ನೆ. ಹೇಳಿಬಿಟ್ಟೆ, ಮುಗೀತು."

ಕಾಗದವನ್ನು ಇನ್ನೊಮ್ಮೆ ಓದಿದೆ. ಇನ್ನು ಹತ್ತು ವರ್ಷಕ್ಕೆ ನನಗೆ ಐವತ್ತೊಂದು.

"ಏನದು ಕಾಗದ?" ವರ್ನಾ ಏದುಸಿರು ಬಿಡುತ್ತಾ ಏರು ಹತ್ತಿ ಬಂದರು. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ರೂಬೆನ್ ಜೇಬಿನಿಂದ ಪೆನ್ನು ಅವರೇ ಎಳೆದು ನನ್ನ ಮುಂದೆ ಹಿಡಿದರು. "ತಗೋ."

ಹಿಡಿದ ಪೆನ್ನನ್ನೇ ನೋಡುತ್ತಾ ನಿಂತೆ. ಓಡುತ್ತಾ ಬಂದ ಹಲ್ಲಿನ ಡಾಕ್ಟರ ಹೆಂಡತಿ ನಮ್ಮನ್ನು ಕಂಡು ನಿಧಾನವಾಗಿ, ಅಯ್ಯೋ ಪಾಪ ಅನ್ನುವಂತೆ ಎದೆ ಮುಟ್ಟಿಕೊಂಡು ಹೋದಳು. ಅದೇ ಸಾಕಾಯಿತು ನನಗೆ.

"ಹಾಕಲ್ಲ ವರ್ನಾ. ಆರ್ಲೋ ಮೇಲಿನ ಪ್ರೀತಿ ಎಲ್ಲೂ ಹೋಗಿಲ್ಲ. ಆದ್ರೆ ಇಲ್ಲಿ ಕೂತು ಕೂತು ನಂಗೆ ಉಸಿರು ಕಟ್ತಿದೆ." ರೂಬೆನ್ ಕಡೆ ಕೈ ತೋರಿಸಿದೆ. "ಮತ್ತೆ, ಇವರಂದ್ರೆ ನಂಗೂ ಇಷ್ಟ."

ವರ್ನಾ ಧೊಪ್ಪನೆ ಬೆಂಚಿನ ಮೇಲೆ ಕುಳಿತರು.

"ಎಣ್ಣೆ," ಅಂದ ರೂಬೆನ್.

"ಸುಮ್ನಿರಪ್ಪ." ವರ್ನಾ ಫ್ಲಾಸ್ಕನ್ನು ಪಕ್ಕದಲ್ಲಿಟ್ಟು ನನ್ನ ಕಡೆ ತಿರುಗಿದರು. "ನಾನು ಯಾಕೆ ಬರ್ತಿದ್ದೆ ಗೊತ್ತಾ? ನೀನು ಒಬ್ಬಳೇ ಕೂತಿರ್ತೀಯಲ್ಲ ಅಂತ. ಪ್ರತಿ ಶನಿವಾರ ನನ್ನ ಮಂಡಿ ನಿನ್ನನ್ನ ಬೈಕೊಳ್ಳುತ್ತೆ."

"ನಾನು ಬರ್ತಿದ್ದದ್ದು ನೀವು ಬರ್ತೀರಲ್ಲ ಅಂತ."

ಇಬ್ಬರೂ ಮುಖ ಮುಖ ನೋಡಿಕೊಂಡೆವು. ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಎರಡೂ ಬಂತು.

ವರ್ನಾ ಕಾಗದವನ್ನು ತೊಡೆಯ ಮೇಲಿಟ್ಟು, ಅದರಲ್ಲಿ ಅಚ್ಚಾಗಿದ್ದ ಫಲಕದ ಸಾಲಿನಲ್ಲಿ ನನ್ನ ಹೆಸರಿನ ಮೇಲೆ ಗೆರೆ ಎಳೆದರು. ಪಕ್ಕದಲ್ಲಿ ನಿಧಾನವಾಗಿ ಬರೆದರು: 'ಆರ್ಲೋ. ವರ್ನಾಳ ಮಗ.' ಕೆಳಗೆ ಸಹಿ ಹಾಕಿ ರೂಬೆನ್ ಕೈಗೆ ಕೊಟ್ಟರು.

"ನನ್ನ ಮಗನ ಜೊತೆ ಒಂದು ದಿನ ನಾನೊಬ್ಬಳೇ ಕೂರ್ಬೇಕು ಅಂತಿತ್ತು," ಅಂದರು. "ಹತ್ತು ವರ್ಷದಿಂದ ಅವನ ಪಕ್ಕದ ಜಾಗ ನೀನೇ ಹಿಡ್ಕೊಂಡಿದ್ದೆ. ಹೇಗೆ ಕೇಳಲಿ?"

ಬಗ್ಗಿ ಅವರ ಕೆನ್ನೆಗೆ ಮುತ್ತಿಟ್ಟೆ.

"ಆ ಸೇತುವೆ ಇನ್ನೂ ಗಟ್ಟಿ ಇದೆಯೇನಪ್ಪ?" ವರ್ನಾ ರೂಬೆನ್‌ನನ್ನು ಕೇಳಿದರು.

"ಇದೆ," ಅಂದ ರೂಬೆನ್.

"ಹಾಗಾದ್ರೆ ಕರ್ಕೊಂಡು ಹೋಗು ಇವಳನ್ನ. ಇಲ್ಲಿ ನಿಂತು ನನ್ನ ಕಾಫಿ ಮೇಲೆ ಕಣ್ಣು ಹಾಕ್ಬೇಡಿ."

ನಾವಿಬ್ಬರೂ ಹೊರಡುತ್ತಿದ್ದಂತೆ ಹಿಂದೆ ಫ್ಲಾಸ್ಕಿನ ಮುಚ್ಚಳ ತಿರುಗಿಸಿದ ಸದ್ದು ಕೇಳಿಸಿತು. ವರ್ನಾ ಮಗನಿಗೆ ಏನೋ ಮೆಲ್ಲಗೆ ಹೇಳುತ್ತಿದ್ದರು. ನಾನು ತಿರುಗಿ ನೋಡಲಿಲ್ಲ.

"ಕೈಯೆಲ್ಲ ಎಣ್ಣೆ," ಅಂದ ರೂಬೆನ್, ಪ್ಯಾಂಟಿಗೆ ಒರೆಸಿಕೊಳ್ಳುತ್ತಾ. ಕಿವಿ ಮತ್ತೆ ಕೆಂಪಾಗಿತ್ತು.

"ಇರ್ಲಿ, ಕೊಡು," ಅಂದೆ. ಮೂರು ವರ್ಷದಲ್ಲಿ ಮೊದಲ ಸಲ ಅವನನ್ನು ಏಕವಚನದಲ್ಲಿ ಕರೆದಿದ್ದೆ. ಅವನು ಅದನ್ನು ಗಮನಿಸಿದ. ಕೈ ಚಾಚಿದ.

ಬೆಂಚು ದಾಟಿದ ಮೇಲೆ ದಾರಿ ಇಳಿಜಾರು. ನನಗೆ ಅದು ಮರೆತೇ ಹೋಗಿತ್ತು.