ಹಾಡಿದವಳ ಹೆಸರು

1989ರ ಮಾರ್ಚ್ 14ರಂದು ಬೆಳಿಗ್ಗೆ ಹನ್ನೊಂದಕ್ಕೆ ಉರ್ವದ ಗ್ರಂಥಾಲಯದ ಮುಖ್ಯಸ್ಥೆ ಗೆರ್ಟ್ರೂಡ್ ಠಾಣೆಗೆ ಬಂದು ದೂರು ಕೊಟ್ಟರು. ಗದ್ದೆಯಲ್ಲಿ ಭತ್ತ ನೆಡುವ ಕೂಲಿ ಹೆಂಗಸರು ಹಾಡುವ ತುಳು ನಾಟಿ ಹಾಡಿನ ಕ್ಯಾಸೆಟ್ ಒಂದು ಕಾಣೆಯಾಗಿತ್ತು. ಅದಕ್ಕೆ ಬೇರೆ ಪ್ರತಿ ಇರಲಿಲ್ಲ. ಎಫ್‌ಐಆರ್ ದಾಖಲಾಯಿತು. ಕಪಾಟಿನ ಕೀಲಿ ಅಟೆಂಡರ್ ಬೋಜನ ಬಳಿ ಇರುತ್ತಿದ್ದುದರಿಂದ ಅವನನ್ನು ಮೊದಲೇ ಅಮಾನತು ಮಾಡಿದ್ದರು.

“ಹಾಡು ಕದ್ದು ನಾನೆಂತ ಮಾಡುವುದು ಸರ್? ಮನೆಯಲ್ಲಿ ರೇಡಿಯೋ ಕೂಡ ಇಲ್ಲ,” ಎಂದ ಬೋಜ, ಠಾಣೆಗೆ ಕರೆಸಿದಾಗ.

“ನೀನೇ ಹಾಡ್ತೀಯಾ ಮಾರಾಯ?” ಕಾನ್‌ಸ್ಟೆಬಲ್ ಲ್ಯಾನ್ಸಿ ಕೆಣಕಿದ. ಬೋಜ ನಗಲಿಲ್ಲ.

ಇನ್‌ಸ್ಪೆಕ್ಟರ್ ತಾರಾನಾಥ ಗ್ರಂಥಾಲಯಕ್ಕೆ ಹೋದರು. “ಕಳವು ಹೇಗೆ ಗೊತ್ತಾಯಿತು?”

“ನಮ್ಮ ಕಂಪ್ಯೂಟರನ್ನೂ ತೊಕ್ಕೊಟ್ಟಿನ ಗ್ರಂಥಾಲಯದ್ದನ್ನೂ ಫೋನ್ ಲೈನಿನಲ್ಲಿ ಜೋಡಿಸಿದ್ದೇವೆ,” ಎಂದರು ಗೆರ್ಟ್ರೂಡ್. “ಇಲ್ಲಿ ಎಂತ ಉಂಟು ಅಂತ ಅಲ್ಲಿಂದಲೇ ಹುಡುಕಬಹುದು. ಅಲ್ಲಿಯ ಒಬ್ಬರು ಈ ಕ್ಯಾಸೆಟ್ ಕೇಳಿದರು. ನೋಡಿದರೆ ಪೆಟ್ಟಿಗೆ ಖಾಲಿ.”

ಪೆಟ್ಟಿಗೆಯ ಮೇಲೆ ಬರೆದಿತ್ತು: ನಾಟಿ ಹಾಡು, ಪಡೀಲ್, 1978. ಹಾಡಿದಾಕೆ ಹೆಸರು ಹೇಳಲಿಲ್ಲ.

ಕಂಪ್ಯೂಟರಿನ ಪರದೆಯಲ್ಲಿ ಮಾತ್ರ ಹಾಡಿದವರ ಹೆಸರಿತ್ತು: ಬಾಗಿ.

ಅದನ್ನು ಟೈಪ್ ಮಾಡಿದ್ದು ಗುಮಾಸ್ತೆ ಜಲಜಾಕ್ಷಿ. ತಾರಾನಾಥ ಅವಳ ಮೇಜಿನ ಎದುರು ನಿಂತರು.

“ಪೆಟ್ಟಿಗೆಯಲ್ಲಿ ಇಲ್ಲದ ಹೆಸರು ನಿಮಗೆ ಹೇಗೆ ಗೊತ್ತು?”

“ಸ್ವರ ಗೊತ್ತಾಯಿತು ಸರ್.”

“ಯಾರದ್ದು?”

“ಅಮ್ಮನದ್ದು. ಅವರು ಈಗ ಇಲ್ಲ.” ಅವಳು ಕುರ್ಚಿಯಿಂದ ಎದ್ದಳು. “ಕ್ಯಾಸೆಟ್ ತೆಗೆದದ್ದು ನಾನು. ಬೋಜಣ್ಣ ಕೀಲಿ ಮೇಜಿನಲ್ಲಿಟ್ಟು ಊಟಕ್ಕೆ ಹೋಗಿದ್ದರು. ಅವರನ್ನು ಮನೆಗೆ ಕಳಿಸುವಾಗಲೂ ನಾನು ಬಾಯಿ ಬಿಡಲಿಲ್ಲ.”

ಪಡೀಲಿನ ಅವಳ ಮನೆಯಲ್ಲಿ, ತಾಯಿಯ ಹಳೆಯ ಸೀರೆಯ ಮಡಿಕೆಯಲ್ಲಿ ಕ್ಯಾಸೆಟ್ ಸಿಕ್ಕಿತು. ನೆರೆಯ ಇಬ್ಬರ ಎದುರು ಪಂಚನಾಮೆ ನಡೆಯಿತು. ಗುರುತಿಗಾಗಿ ಲ್ಯಾನ್ಸಿ ಕ್ಯಾಸೆಟ್ ಹಾಕಿದ. ಹಾಡು ಮುಗಿದ ಮೇಲೆ ಅದೇ ಸ್ವರ ತುಳುವಿನಲ್ಲಿ ಮೆಲ್ಲಗೆ ಹೇಳಿತು: ನನ್ನ ಹೆಸರು ಬರೆಯಬೇಡಿ, ಮಗಳು ಕಾಲೇಜಿಗೆ ಹೋಗುತ್ತಾಳೆ, ಅವಳಿಗೆ ನಾಚಿಕೆಯಾಗುತ್ತದೆ.

“ಸ್ವರ ಕೇಳಿದ ಕೂಡಲೇ ಹೆಸರು ಹಾಕಿದೆ,” ಎಂದಳು ಜಲಜಾಕ್ಷಿ. “ಈ ಮಾತು ಕೇಳಿದ್ದು ಆಮೇಲೆ. ಇದನ್ನು ಇನ್ನೊಬ್ಬರು ಕೇಳುವುದು ಬೇಡ ಅನಿಸಿತು. ಕಾಲೇಜಿನ ಗೇಟಿಗೆ ಬುತ್ತಿ ತಂದ ಅಮ್ಮನನ್ನು ಗೆಳತಿಯರಿಗೆ ನಮ್ಮ ಮನೆ ಕೆಲಸದವಳು ಅಂತ ಹೇಳಿದ್ದೆ ಸರ್.”

ಜಲಜಾಕ್ಷಿಯನ್ನು ಠಾಣೆಗೆ ಕರೆತಂದರು. ಸಂಜೆ ಬೋಜನನ್ನೂ ಮತ್ತೆ ಅಲ್ಲಿಗೆ ಕರೆಸಿ ವಿಷಯ ತಿಳಿಸಿದರು. ಅವನು ಬಾಗಿಲಲ್ಲೇ ನಿಂತ.

“ನನ್ನ ಮಗಳನ್ನು ಶಾಲೆಯಲ್ಲಿ ಕಳ್ಳನ ಮಗಳು ಅಂದರು, ಜಲಜಾ.”

ಅವಳು ಎದ್ದು ಅವನಿಗೆ ಕೈ ಮುಗಿದಳು. ಅವನು ಮುಖ ತಿರುಗಿಸಲಿಲ್ಲ, ಹತ್ತಿರ ಬರಲೂ ಇಲ್ಲ.

ಲ್ಯಾನ್ಸಿ ಬಂಧನದ ಕಾಗದ ತುಂಬಿಸುತ್ತಿದ್ದ. “ತಂದೆಯ ಹೆಸರು?”

“ಬಾಗಿಯ ಮಗಳು ಅಂತ ಬರೀರಿ.”

ಲ್ಯಾನ್ಸಿ ಇನ್‌ಸ್ಪೆಕ್ಟರರ ಮುಖ ನೋಡಿದ.

“ಬರಿ,” ಎಂದರು ತಾರಾನಾಥ.