ಹಳದಿ ಉರಿಯ ಕೋಣೆ

“ಆ ಕೋಣೇಲಿ ಬಾಗಿಲು ಹಾಕ್ಕೊಂಡು ಮಲಗ್ಬೇಡಪ್ಪ. ಯಾರೋ ಮಾಟ ಮಾಡ್ಸಿದಾರೆ. ಸತ್ತೋರು ಬಂದು ಪಕ್ಕದಲ್ಲಿ ಕೂರ್ತಾರೆ.” ಬೀಗದ ಕೈ ಕೊಡುವಾಗ ಮನೆಯೊಡತಿ ಅಜ್ಜಿ ದನಿ ತಗ್ಗಿಸಿದಳು.

ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸದವನು ನಕ್ಕುಬಿಟ್ಟ. “ಕೂರಲಿ ಬಿಡಿ ಅಜ್ಜಿ. ನನಗೂ ಮಾತಾಡೋಕೆ ಯಾರೂ ಇಲ್ಲ.”

ಹೆಂಡತಿ ತೀರಿಕೊಂಡ ಮೇಲೆ ಹಳೆಯ ಮನೆಯಲ್ಲಿ ಇರಲಾರದೆ ಬಂದಿದ್ದ. ಹಗಲೆಲ್ಲ ಅಂಗಡಿಯಲ್ಲಿ ಹರಿದ ಪುಸ್ತಕಗಳಿಗೆ ಹೊಲಿಗೆ ಹಾಕಿ, ಕೈಗಂಟಿದ ಗೋಂದಿನ ವಾಸನೆಯೊಂದಿಗೆ ಸಂಜೆ ಮಹಡಿ ಹತ್ತುತ್ತಿದ್ದ. ಚಳಿ ಶುರುವಾಯಿತು. ಕಿಟಕಿಯ ಸಂದುಗಳಿಗೆ ಕಾಗದ ಮೆತ್ತಿ, ಮೂಲೆಯಲ್ಲಿದ್ದ ಹಳೇ ಗ್ಯಾಸ್ ಹೀಟರ್ ಹಚ್ಚಿದ. ನೀಲಿಯಾಗಿರಬೇಕಾದ ಉರಿ ಹಳದಿಯಾಗಿ ನಾಲಗೆ ಚಾಚಿತು. ಗೋಡೆಗೆ ಮಸಿ ಹಿಡಿಯಿತು.

ಅಂದಿನಿಂದ ತಲೆಸಿಡಿತ, ಹೊಟ್ಟೆ ತೊಳಸು. ಅಂಗಡಿಗೆ ಹೋದರೆ ಎಲ್ಲ ಮಾಯ, ಕೋಣೆಗೆ ಬಂದರೆ ಮತ್ತದೇ. ಒಂದು ಸಂಜೆ ಮಂಚದ ಅಂಚು ತಗ್ಗಿದಂತಾಯಿತು.

“ಊಟ ಆಯ್ತಾ?”

ಹೆಂಡತಿಯ ದನಿ. ಮೈ ಜುಮ್ಮೆಂದಿತು. ಆದರೂ ಓಡಲಿಲ್ಲ. ಯಾರಾದರೂ ಹಾಗೆ ಕೇಳಿ ಎಷ್ಟು ಕಾಲವಾಗಿತ್ತು. ಮರುದಿನ ಅಂಗಡಿ ಬೇಗ ಮುಚ್ಚಿ ಬಂದ.

ರಜೆಯ ದಿನ ಮಧ್ಯಾಹ್ನವೇ ಅಗುಳಿ ಹಾಕಿಕೊಂಡ. ಹೀಟರ್ ಸುಯ್ಯೆಂದಿತು. ಅವಳು ಬಂದಳು. ಎದೆಯ ಮೇಲೆ ಕೈಯಿಟ್ಟಳು. ಕೈ ಭಾರವಾಯಿತು. ಬಂಡೆಯಾಯಿತು. ಯಾರೋ ಬಾಗಿಲು ಬಡಿದರು. “ಏಳ್ಬೇಡಿ,” ಎಂದಳು ಹೆಂಡತಿ. ಎದ್ದ. ಕಾಲು ನಿಲ್ಲಲಿಲ್ಲ. ತೆವಳಿದ. ಉಸಿರು ಸಿಗಲಿಲ್ಲ. ಅಗುಳಿ ಸಿಕ್ಕಿತು. ಬೆರಳು ಮಾತು ಕೇಳಲಿಲ್ಲ. ಕತ್ತಲು.

ಕಣ್ಣು ಬಿಟ್ಟಾಗ ಆಸ್ಪತ್ರೆ. ಮುಖದ ಮೇಲೆ ಆಮ್ಲಜನಕದ ಮುಖವಾಡ.

“ಒಬ್ನೇ ಯಾರ ಜೊತೆಗೋ ಮಾತಾಡ್ತಿದ್ದೆ. ಭಯವಾಗಿ ಬಾಗಿಲು ಒಡೆಸ್ದೆ,” ಎಂದಳು ಅಜ್ಜಿ.

ಗ್ಯಾಸ್ ರಿಪೇರಿಯವನು ಕೋಣೆಗೆ ಬಂದು ಹೀಟರಿನ ಹೊಗೆಕೊಳವೆಯಿಂದ ಹಕ್ಕಿಗೂಡಿನ ಕಸ ಎಳೆದು ಹಾಕಿದ. “ಕಾರ್ಬನ್ ಮೊನಾಕ್ಸೈಡು. ಹೊರಗೆ ಹೋಗೋಕೆ ದಾರಿ ಇಲ್ದೆ ಒಳಗೇ ತುಂಬ್ಕೊಂಡಿದೆ. ಬಣ್ಣ ಇಲ್ಲ, ವಾಸನೆ ಇಲ್ಲ. ಮೊದ್ಲು ಇಲ್ಲದ್ದೆಲ್ಲ ಕಾಣಿಸುತ್ತೆ, ಆಮೇಲೆ ಜೀವ ಹೋಗುತ್ತೆ.” ಆ ವಿಷಗಾಳಿ ಸೇರಿದರೆ ಕೂಗುವ ಪುಟ್ಟ ಅಲಾರಂ ಒಂದನ್ನು ಗೋಡೆಗೆ ಕೂರಿಸಿದ.

“ಹಾಗಾದ್ರೆ ಮುಂಚೆ ಈ ಕೋಣೇಲಿದ್ದು ಸತ್ತ ಹುಡುಗನೂ ಇದರಿಂದ್ಲೇ...” ಅಜ್ಜಿ ಹೋಗಿ ಕಿಟಕಿಯ ಸಂದುಗಳಿಗೆ ಮೆತ್ತಿದ್ದ ಕಾಗದ ಕಿತ್ತುಹಾಕಿದಳು.

ರಟ್ಟು ಕಟ್ಟುವವನ ಬೆರಳುಗಳಲ್ಲಿ ನಡುಕ ಉಳಿದುಬಿಟ್ಟಿತು. ಸೂಜಿಗೆ ದಾರ ಪೋಣಿಸಲು ಈಗ ಆಗುತ್ತಿರಲಿಲ್ಲ. ಕೋಣೆಗೆ ಮರಳಿದ ಸಂಜೆ ಮಂಚದ ಒಂದು ಬದಿಗೆ ಸರಿದು, ಇನ್ನೊಂದು ಬದಿ ಖಾಲಿ ಬಿಟ್ಟು, ತುಂಬ ಹೊತ್ತು ಕಿವಿಗೊಟ್ಟು ಕೂತ. ತಲೆ ಹಗುರವಾಗಿತ್ತು. ಗಾಳಿ ಶುದ್ಧವಾಗಿತ್ತು.

ಯಾರೂ ಬರಲಿಲ್ಲ.