ತೇಪೆ ಹಾಕಿದ ಸಿಪಾಯಿ

1883ರ ಮಾರ್ಚ್ 6, ಬೆಳಿಗ್ಗೆ ಒಂಬತ್ತು. ಪ್ಯಾರಿಸ್ಸಿನ ಬಾತಿನ್ಯೋಲ್ ಠಾಣೆಗೆ ಚಿತ್ರಕಾರ ವಾರೆನೊ ಏದುಸಿರು ಬಿಡ್ತಾ ಬಂದ.

"ಸಾಹೇಬ್ರೆ, ನನ್ನ ಸಿಪಾಯಿ ಕಾಣ್ತಿಲ್ಲ."

"ಹಂಗಾದ್ರೆ ದಂಡಿನವರ ಹತ್ರ ಹೋಗಿ" ಅಂದ ಪೇದೆ ಬಿದೂ.

"ಪೆನ್ನಲ್ಲಿ ಬರೆದ ಚಿತ್ರ ಕಣಯ್ಯಾ!"

ಇನ್‌ಸ್ಪೆಕ್ಟರ್ ಲೋರಿಯೋಲ್ ನಗಲಿಲ್ಲ. ಬಿದೂನ ಡೈಲಾಗಿಗೆ ಒಂದ್ಸಲ ನಕ್ರೆ ದಿನವಿಡೀ ಬಿಡಲ್ಲ ಅಂತ ಅವನಿಗೆ ಗೊತ್ತು. ದೂರು ಬರ್ಕೊಂಡು, ಬಿದೂನ ಕರ್ಕೊಂಡು ಚಿತ್ರಶಾಲೆಗೆ ಹೊರಟ.

ಪಂಚನಾಮೆಯಲ್ಲಿ ಸಿಕ್ಕಿದ್ದಿಷ್ಟು: ಬೀಗ ಒಡೆದಿಲ್ಲ. ಬೆಳ್ಳಿ ಲೋಟ ಇದ್ದಲ್ಲೇ ಇದೆ. ಕಪಾಟಲ್ಲಿದ್ದ ಸಿಪಾಯಿ ಕೋಟೂ ಮಾಯ.

"ಕೋಟಿನ ವಿಷ್ಯ ಹೇಳ್ಲೇ ಇಲ್ವಲ್ಲ?"

"ಹಳೇ ಬಟ್ಟೆ ಸಾಹೇಬ್ರೆ. ಎಪ್ಪತ್ತರ ಯುದ್ಧದಲ್ಲಿ ಮಾರ್ನ್ ಹೊಳೆ ದಂಡೇಲಿ ಹೆಣದ ಮೈಮೇಲಿಂದ ಬಿಚ್ಕೊಂಡೆ. ರಕ್ತ ಹೋಗೋತನಕ ತೊಳೆದೆ. ನಾನು ನಿಜವಾದ ಬಟ್ಟೆ ನೋಡೇ ಬರೆಯೋದು, ಒಂದು ಹೊಲಿಗೆ ಬಿಡಲ್ಲ."

"ಮತ್ತೆ ಮುಖ?"

"ಗುಂಡು ಮುಖಕ್ಕೇ ಬಿದ್ದಿತ್ತು. ಏನೂ ಉಳಿದಿರ್ಲಿಲ್ಲ. ಅದಕ್ಕೇ ಗಾರೆ ಕೆಲಸದ ತಿಬೋನ ಕೂರಿಸಿ ಬರೆದೆ."

ತಿಬೋನ ಹಿಡ್ಕೊಂಡು ಬಂದ್ರು.

"ದಿನಾ ಕನ್ನಡೀಲಿ ಬಿಟ್ಟಿ ನೋಡೋ ಮುಖಾನ ನಾನ್ಯಾಕೆ ಕದೀಲಿ ಸಾಹೇಬ್ರೆ? ಕದ್ರೆ ಲೋಟ ಕದೀತಿದ್ದೆ."

"ಕೀಲಿ ಇನ್ಯಾರ ಹತ್ರ ಇದೆ?"

"ಬಟ್ಟೆ ಒಗೆಯೋ ಕ್ಲೆಮಾನ್ಸಮ್ಮನ ಹತ್ರ. ನಿನ್ನೆ ತಾನೆ ಚಿತ್ರ ಗೋಡೆಗೆ ಹಾಕಿದ್ರು. ಆಯಮ್ಮ ಅದರ ಮೊಣಕೈ ಸವರ್ತಾ ನಿಂತ್ಬಿಟ್ಟಿದ್ಲು. ಇಷ್ಟು ಚೆಂದದ ಮುಖ ಇದೆ, ಕಣ್ಣೆತ್ತೂ ನೋಡ್ಲಿಲ್ಲ."

ಕ್ಲೆಮಾನ್ಸಮ್ಮನ ಮನೆಗೆ ನಾಲ್ಕನೇ ಮಹಡಿ ಹತ್ತೋ ಹೊತ್ತಿಗೆ ಬಿದೂನ ಡೈಲಾಗೆಲ್ಲ ಉಸಿರಾಗಿ ಹೋಗಿತ್ತು. ಬಾಗಿಲು ತೆರೆದೇ ಇತ್ತು. ಒಲೆ ಪಕ್ಕದ ಕುರ್ಚಿ ಮೇಲೆ ಕೋಟು ಬೆಚ್ಚಗಾಗ್ತಿತ್ತು. ಮೇಜಿನ ಮೇಲೆ ಈರುಳ್ಳಿ ಸಾರು, ಎರಡು ಬಟ್ಟಲು. ಪಕ್ಕದಲ್ಲಿ ಚಿತ್ರ. ಸಿಪಾಯಿಯ ಮುಖಾನ ಚಾಕುವಿನಿಂದ ಕೆರೆದು ಹಾಕಿತ್ತು.

"ಯಾಕಮ್ಮ ಕೆರೆದೆ?"

"ಅದು ನನ್ನ ಮಗ ಅನ್ಸೆಲ್ ಮುಖ ಅಲ್ಲ ಸ್ವಾಮಿ. ಕೋಟು ಮಾತ್ರ ಅವನ್ದು. ಮೊಣಕೈಯ ಈ ತೇಪೆ ನಾನೇ ಹಾಕಿದ್ದು, ಅವನು ದಂಡಿಗೆ ಹೊರಟ ದಿನ. ನೀಲಿ ದಾರ ಇರ್ಲಿಲ್ಲ, ಕಪ್ಪಲ್ಲೇ ಅಡ್ಡಡ್ಡ ಎಳೆದೆ. ಹನ್ನೆರಡು ವರ್ಷದಿಂದ ದಂಡಿನೋರು ಪತ್ತೆ ಇಲ್ಲ ಅಂತಾನೇ ಹೇಳ್ತಾವ್ರೆ."

ಕೋಟು ತಂದು ಲೋರಿಯೋಲ್ ಕೈಗಿಟ್ಲು.

"ತಿರುಗಿಸಿ ನೋಡಿ. ಎದೇಲಿ ತೂತಿಲ್ಲ. ಬೆನ್ನಲ್ಲೂ ಇಲ್ಲ. ಗುಂಡೇ ಬಿದ್ದಿಲ್ಲ ಅಂದ್ಮೇಲೆ ಎಲ್ಲೋ ಬದುಕವ್ನೆ ತಾನೇ? ಇದು ಎಲ್ಲಿ ಸಿಕ್ತು ಅಂತ ಆ ಚಿತ್ರದ ಮೇಷ್ಟ್ರನ್ನ ಒಂದ್ಸಲ ಕೇಳಿ ಹೇಳಿ."

ಬಿದೂ ಬಾಯ್ತೆರೆದ. ಲೋರಿಯೋಲ್ ಅವನ ಕಾಲು ತುಳಿದ.

"ಕೇಳ್ತೀನಮ್ಮ" ಅಂದ.

ಸಂಜೆ ನಾಲ್ಕಕ್ಕೆ ಬಂಧನ. ಚಳಿ ಅಂತ ಲೋರಿಯೋಲ್ ಆ ಕೋಟನ್ನೇ ಅವಳಿಗೆ ಹೊದಿಸೋಕೆ ಹೋದ. ಅವಳು ಬಿಡಿಸ್ಕೊಂಡು ಮತ್ತೆ ಒಲೆ ಪಕ್ಕ ಹರವಿದ್ಲು.

ಜಪ್ತಿಯಾಗ್ಬೇಕಿದ್ದ ಕೋಟು ಅಲ್ಲೇ ಉಳೀತು. ಬಿದೂ ಬಾಗಿಲು ಎಳೆದು, ಮೊಹರು ಹಾಕೋಕೆ ಅರಗು ತೆಗೆದ.

"ಮುಚ್ಚಬೇಡಪ್ಪಾ" ಅಂದ್ಲು ಮೆಟ್ಟಿಲ ಮೇಲಿಂದ. "ಅವನ ಹತ್ರ ಕೀಲಿ ಇಲ್ಲ."

ಬಿದೂ ಸಾಹೇಬನ ಮುಖ ನೋಡಿದ. ಅರಗು ಜೇಬಿಗೆ ಹೋಯ್ತು.